ಕೋಟೆಗೆ ಬೇಲಿ, ಊರಿಗೆ ನಕ್ಷೆ

ನಮ್ಮ ಸಣ್ಣ ಊರುಗಳಲ್ಲಿ ಹಳೆಯ ಕಟ್ಟಡಕ್ಕೆ ಎರಡೇ ಗತಿ. ಒಂದು, ಸುತ್ತ ಬೇಲಿ ಹಾಕಿಸಿಕೊಂಡು, ಎದೆಗೊಂದು ಫಲಕ ಹೊತ್ತು ನಿಲ್ಲುವುದು. ಇನ್ನೊಂದು, ರಸ್ತೆ ಅಗಲವಾಗುವ ದಿನ ಸದ್ದಿಲ್ಲದೆ ನೆಲಕ್ಕೊರಗುವುದು. ಊರಿನ ಬಾಳಿನೊಳಗೇ ಅದಕ್ಕೊಂದು ಸ್ಥಾನವುಂಟೆಂಬ ಮೂರನೆಯ ದಾರಿ, ನಕ್ಷೆ ಬರೆಯುವ ಮಹನೀಯರಿಗೆ ಇನ್ನೂ ಹೊಳೆದಂತಿಲ್ಲ. ನನ್ನ ಜಗಳ ಈ ಮರೆವಿನೊಡನೆ.

ಶಿರಾವನ್ನು ನೋಡಿ. 1687ರಿಂದ ಸುಮಾರು ಎಪ್ಪತ್ತು ವರ್ಷ ಮೊಗಲರ ಸುಬಾಕ್ಕೆ ರಾಜಧಾನಿಯಾಗಿದ್ದ ಊರು. 1651ರ ಮಲಿಕ್ ರಿಹಾನನ ಗೋರಿಯೂ 1696ರ ಜುಮ್ಮಾ ಮಸೀದಿಯೂ ಇಂದಿಗೂ ನಿಂತಿವೆ. ಮಧುಗಿರಿಯಲ್ಲಿ ಏಕಶಿಲೆಯ ಬೆಟ್ಟ, ಅದರ ಮೈಮೇಲೆ ಕೋಟೆ, ಕೆಳಗೆ ವೆಂಕಟರಮಣ ಮತ್ತು ಮಲ್ಲೇಶ್ವರರ ಗುಡಿಗಳು. ಪಾವಗಡಕ್ಕೂ ಬೆಟ್ಟವುಂಟು, ಕೋಟೆಯುಂಟು. ಇವುಗಳ ಪ್ರಸ್ತಾಪ ಬಂದೊಡನೆ ನಮ್ಮವರ ಬಾಯಲ್ಲಿ ಬರುವುದು ಪ್ರವಾಸೋದ್ಯಮದ ಮಾತು. ಮಧುಗಿರಿ ಬೆಟ್ಟಕ್ಕೆ ರೋಪ್‌ವೇ ಬೇಕೆಂಬ ಕೂಗು ವರ್ಷಗಳಿಂದ ಕೇಳಿಬರುತ್ತಿದೆ. ಬೆಟ್ಟದ ತುದಿಗೆ ಏರುವ ಅತಿಥಿಯ ಚಿಂತೆ ಎಲ್ಲರಿಗೂ ಇದೆ; ಬೆಟ್ಟದ ಬುಡದಲ್ಲಿ ಮನೆ ಮಾಡಿಕೊಂಡಿರುವವನ ಚಿಂತೆ ಯಾರಿಗಿದೆ?

ಕಾನೂನಿಲ್ಲವೆಂದಲ್ಲ. ರಾಷ್ಟ್ರೀಯ ಸ್ಮಾರಕಗಳಿಗೆ 1958ರ ಶಾಸನವಿದೆ. 2010ರ ತಿದ್ದುಪಡಿಯಂತೆ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ಕೂಡದು. ಅದರಾಚೆಯ 200 ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಉದ್ದೇಶ ಒಳ್ಳೆಯದೇ. ಆದರೆ ಫಲವೇನು? ಸೋರುವ ಮಾಡನ್ನು ರಿಪೇರಿ ಮಾಡಿಸಲು ಅರ್ಜಿ ಹಿಡಿದು ಅಲೆಯಬೇಕಾದ ಬಡವನಿಗೆ ಆ ಸ್ಮಾರಕ ಶತ್ರುವಾಗುತ್ತದೆ. ಪುರಸಭೆಯೋ, "ಅದು ದೆಹಲಿಯವರ ಆಸ್ತಿ" ಎಂದು ಕೈತೊಳೆದುಕೊಳ್ಳುತ್ತದೆ.

ನಮ್ಮ ರಾಜ್ಯದ ಶಾಸನಗಳ ಕಥೆ ಇನ್ನೂ ಸೊಗಸು. ಪುರಾತನ ಸ್ಮಾರಕಗಳ ಶಾಸನ, ನಗರ ಮತ್ತು ಗ್ರಾಮಾಂತರ ಯೋಜನಾ ಶಾಸನ, ಎರಡೂ 1961ರ ಹೆಸರು ಹೊತ್ತವು. ಅವಳಿ ಮಕ್ಕಳು, ಆದರೆ ಅರುವತ್ತು ವರ್ಷ ದಾಟಿದರೂ ಒಂದು ಇನ್ನೊಂದರ ಮುಖ ನೋಡಿದ್ದು ಅಪರೂಪ. ಯೋಜನಾ ಪ್ರಾಧಿಕಾರವೇ ಒಂದು ಕಟ್ಟಡವನ್ನು ಪಾರಂಪರಿಕವೆಂದು ಘೋಷಿಸಬಹುದು. ಅಧಿಕಾರವಿದೆ; ಮನಸ್ಸಿಲ್ಲ.

"ಇದೆಲ್ಲ ಶ್ರೀಮಂತ ದೇಶಗಳ ಶೋಕಿ" ಎನ್ನುವವರಿದ್ದಾರೆ. ಅಮೆರಿಕದ ಪಶ್ಚಿಮ ಭಾಗದ ಸಾಂಟಾ ಫೇ ಎಂಬ ಊರನ್ನು ಅವರು ನೋಡಲಿ. 1910ರಲ್ಲಿ ಅಲ್ಲಿದ್ದವರು ಐದು ಸಾವಿರ ಚಿಲ್ಲರೆ ಜನ. ರೈಲಿನ ಮುಖ್ಯ ಮಾರ್ಗ ತಪ್ಪಿಹೋಗಿ ವ್ಯಾಪಾರ ಸೊರಗಿತ್ತು. ಆ ಸ್ಥಿತಿಯಲ್ಲೇ, 1912ರಲ್ಲಿ, ಹಳೆಯ ಬೀದಿಗಳನ್ನು ಉಳಿಸಬೇಕೆಂದು ಊರಿನ ಯೋಜನೆಯಲ್ಲಿಯೇ ಬರೆದುಕೊಂಡರು. 1957ರಲ್ಲಿ ಅದಕ್ಕೆ ಊರಿನದೇ ಕಟ್ಟಳೆ ಬಂತು. ಊರೇನೋ ಬೆಳಗಿತು, ಆದರೆ ಮನೆಗಳ ಬೆಲೆ ಏರಿ ಹಳೆಯ ನಿವಾಸಿಗಳಿಗೆ ಅಲ್ಲಿ ಬಾಳುವುದು ಕಷ್ಟವಾಯಿತು. ಅದನ್ನೂ ಪಾಠವಾಗಿಯೇ ಕಲಿಯೋಣ: ಗೋಡೆಯೊಂದಿಗೆ ಗೋಡೆಯೊಳಗಿನವನನ್ನೂ ಉಳಿಸದ ಯೋಜನೆ ಅರ್ಧ ಯೋಜನೆ.

"ಬರದ ತಾಲ್ಲೂಕಿಗೆ ನೀರು ಮೊದಲು, ಕಲ್ಲು ಆಮೇಲೆ" ಎಂಬುದು ಇನ್ನೊಂದು ವಾದ. ಸ್ವಾಮಿ, ನಮ್ಮ ಹಿರಿಯರು ಕಲ್ಲು ಕಟ್ಟಿದ್ದೇ ಬಹುಪಾಲು ನೀರಿಗಾಗಿ! ಕೆರೆಯ ಏರಿ, ತೂಬು, ಕಲ್ಯಾಣಿ, ಬೆಟ್ಟದ ಮೇಲಿನ ದೊಣೆ, ಇವು ಹಳೆಯ ಕಟ್ಟಡಗಳಲ್ಲವೆ? ಪಾವಗಡ ತಾಲ್ಲೂಕಿನ ರಾಯಚರ್ಲು, ಕ್ಯಾತಗಾನಚರ್ಲು ಎಂಬ ಹೆಸರುಗಳನ್ನು ಕೇಳಿದಾಗಲೆಲ್ಲ, ಭಾಷೆಯ ಪಾಠ ಹೇಳುವ ನನ್ನ ಕಿವಿಗೆ ತೆಲುಗಿನ 'ಚೆರುವು', ಅಂದರೆ ಕೆರೆ, ಕೇಳಿಸುತ್ತದೆ.

ಅದೇ ರಾಯಚರ್ಲು ಇನ್ನೊಂದು ಸತ್ಯವನ್ನೂ ಹೇಳುತ್ತದೆ. ಅದೂ ಸೇರಿ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರ ವಿದ್ಯುತ್ ಪಾರ್ಕ್ ಎದ್ದಿತು. ನೆಲವನ್ನು ರೈತನಿಂದ ಕಸಿದುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಅಲ್ಲಿಯ ಕೂಲಿಕಾರನಿಗೆ ಏನು ದಕ್ಕಿತೆಂಬ ಪ್ರಶ್ನೆ ಬೇರೆಯೇ ಇದೆ. ಆದರೆ ಬೇಕೆನಿಸಿದರೆ ಸರ್ಕಾರ ಗುಂಟೆ ಗುಂಟೆಯನ್ನೂ ಅಳೆಯಬಲ್ಲದು, ಒಡೆಯನೊಡನೆ ಕರಾರು ಮಾಡಿಕೊಳ್ಳಬಲ್ಲದು ಎಂಬುದಂತೂ ಸಿದ್ಧವಾಯಿತು. ಬಿಸಿಲಿಗೆ ಇಷ್ಟು ಲೆಕ್ಕವಿಟ್ಟವರು ನೆರಳಿತ್ತ ಸಾಲುಮಂಟಪಕ್ಕೆ ಒಂದು ಸಾಲು ಬರೆಯಲಾರರೆ?

ನಾನು ಕೇಳುವುದು ದೊಡ್ಡ ಮೊತ್ತವನ್ನಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲಿ ಊರವರೇ ಕುಳಿತು ಹಳೆಯ ಮನೆ, ಬಾಗಿಲು, ಬಾವಿ, ಕಲ್ಯಾಣಿ, ಶಾಸನದ ಕಲ್ಲುಗಳ ಪಟ್ಟಿ ಮಾಡಲಿ. ಆ ಪಟ್ಟಿ ಯೋಜನೆಯ ನಕ್ಷೆಯೊಳಗೆ ಸೇರಲಿ. ರಸ್ತೆಯ ಗೆರೆ ಅದನ್ನು ನೋಡಿಕೊಂಡು ಬಳುಕಲಿ. ಹಳೆಯ ಮನೆಯನ್ನು ಉಳಿಸಿಕೊಳ್ಳುವವನಿಗೆ ಕಂದಾಯದಲ್ಲಿ ರಿಯಾಯಿತಿಯೂ ರಿಪೇರಿಗೆ ಸುಲಭವಾದ ಪರವಾನಗಿಯೂ ದೊರೆಯಲಿ.

ಬೇಲಿ ಹಾಕುವುದು ಕಾವಲುಗಾರನ ಕೆಲಸ, ಬಳಸಿ ಉಳಿಸುವುದು ಮನೆಯವನ ಕೆಲಸ. ಈ ಊರುಗಳಲ್ಲಿ ನಾವು ಮನೆಯವರೋ, ಬರಿಯ ಬಾಡಿಗೆದಾರರೋ? ಮುಂದಿನ ನಕ್ಷೆ ಬರೆಯುವ ಮುನ್ನ ನಮ್ಮ ಸದಸ್ಯ ಮಹಾಶಯರು ಇದಕ್ಕೆ ಉತ್ತರ ಹೇಳಲಿ.