ಮಧ್ಯಸ್ಥನಲ್ಲದ ಮಧ್ಯಸ್ಥ

ಬಸದಿಯ ಜೀರ್ಣೋದ್ಧಾರಕ್ಕಾಗಿ ಶಿಲ್ಪಿಯೊಡನೆ, ಕಲ್ಯಾಣಮಂಟಪಕ್ಕಾಗಿ ಗುತ್ತಿಗೆದಾರನೊಡನೆ ಟ್ರಸ್ಟುಗಳು ಮಾಡಿಕೊಳ್ಳುವ ಕರಾರುಪತ್ರಗಳ ಕೊನೆಯ ಪುಟದಲ್ಲಿ ಒಂದು ಷರತ್ತು ಅನೇಕ ವೇಳೆ ಕಾಣಿಸಿಕೊಳ್ಳುತ್ತದೆ. ಉಭಯ ಪಕ್ಷಗಳಲ್ಲಿ ಭಿನ್ನಾಭಿಪ್ರಾಯ ತಲೆದೋರಿದಲ್ಲಿ ಟ್ರಸ್ಟಿನ ಅಧ್ಯಕ್ಷರ ತೀರ್ಮಾನವೇ ಅಂತಿಮ, ಅದನ್ನು ಪ್ರಶ್ನಿಸತಕ್ಕದ್ದಲ್ಲ ಎಂಬುದು ಅದರ ತಾತ್ಪರ್ಯ. ಹಳೆಯ ಕರಾರಿನಿಂದ ಹೊಸದಕ್ಕೆ ನಕಲಾಗುತ್ತ ಬಂದಿರುವ ಈ ಸಾಲನ್ನು ಬರೆಸುವವರೂ ಓದುವುದಿಲ್ಲ, ಸಹಿ ಹಾಕುವವರೂ ಓದುವುದಿಲ್ಲ. ಕೇಳಿದರೆ, ಕೋರ್ಟು ಕಚೇರಿ ಅಲೆಯುವುದು ಶ್ರಾವಕರಿಗೆ ಭೂಷಣವಲ್ಲ, ಮಧ್ಯಸ್ಥಿಕೆಯೇ ಅಹಿಂಸೆಗೆ ಒಪ್ಪುವ ಮಾರ್ಗ ಎಂಬ ಸಮಾಧಾನ ದೊರೆಯುತ್ತದೆ. ಈ ಸಮಾಧಾನ ಪರೀಕ್ಷೆಗೆ ನಿಲ್ಲುವಂಥದಲ್ಲ.

ಮೊದಲನೆಯದಾಗಿ, ಮಧ್ಯಸ್ಥಿಕೆ ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತಿದೆ. ಇಬ್ಬರ ಮನಸ್ಸನ್ನು ತಿಳಿಗೊಳಿಸಿ ರಾಜಿ ಮಾಡಿಸುವುದಕ್ಕೂ ಕನ್ನಡದಲ್ಲಿ ಅದೇ ಹೆಸರು. 1996ರ ಕಾಯ್ದೆಯ ಪ್ರಕಾರ ನಡೆಯುವ ಆರ್ಬಿಟ್ರೇಷನ್ನಿಗೂ ಅದೇ ಹೆಸರು. ರಾಜಿ ಮಾಡಿಸುವವರ ಮಾತು ಒಪ್ಪಿಗೆಯಾಗದಿದ್ದರೆ ಎದ್ದು ಬರಬಹುದು. ಆರ್ಬಿಟ್ರೇಟರರ ಐತೀರ್ಪನ್ನಾದರೋ ಆ ಕಾಯ್ದೆಯ 36ನೆಯ ಕಲಮಿನಂತೆ ನ್ಯಾಯಾಲಯದ ಡಿಕ್ರಿಯ ಹಾಗೆಯೇ ಜಾರಿ ಮಾಡಿಸಬಹುದು. ಅದನ್ನು ರದ್ದುಪಡಿಸಬೇಕೆಂದರೆ 34ನೆಯ ಕಲಮಿನ ಮೇರೆಗೆ ಮೂರು ತಿಂಗಳೊಳಗೆ, ಸಕಾರಣವಿದ್ದಲ್ಲಿ ಇನ್ನೂ 30 ದಿನಗಳೊಳಗೆ, ಅರ್ಜಿ ಸಲ್ಲಿಸಬೇಕು. ಆಗಲೂ ನ್ಯಾಯಾಲಯವು ಸಾಕ್ಷ್ಯವನ್ನು ಮರಳಿ ತೂಗಿ ನೋಡುವುದಿಲ್ಲ. ಇಂತಹ ಕರಾರಿಗೆ ಸಹಿ ಹಾಕುವವನು ಸಿವಿಲ್ ದಾವೆಯ ಬಾಗಿಲನ್ನು ತನ್ನ ಕೈಯಿಂದಲೇ ಮುಚ್ಚಿಕೊಳ್ಳುತ್ತಾನೆ. ಇಷ್ಟು ಭಾರವಾದ ಸಮ್ಮತಿಯನ್ನು ಅರ್ಥ ತಿಳಿಸದೆ ಪಡೆಯುವುದು ಸತ್ಯವ್ರತಕ್ಕೆ ಒಪ್ಪುವುದೇ?

ಅದಿರಲಿ, ಅಧ್ಯಕ್ಷರೇ ಅಂತಿಮ ಎಂಬ ಷರತ್ತಿಗೆ ಕಾನೂನಿನ ಬಲವಾದರೂ ಇದೆಯೆ? ಮೇಲಧಿಕಾರಿಯಾದ ಇಂಜಿನಿಯರರ ತೀರ್ಮಾನ ಅಂತಿಮ ಎಂದು ಬರೆದ ಮಾತ್ರಕ್ಕೆ ಅದು ಆರ್ಬಿಟ್ರೇಷನ್ ಕರಾರಾಗದು ಎಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿಯೇ, ಉತ್ತರಪ್ರದೇಶದ ಪ್ರಕರಣವೊಂದರಲ್ಲಿ, ಹೇಳಿತು. ವಿವಾದದ ನಿರ್ಣಯವನ್ನು ಇಂಥವರಿಗೆ ಒಪ್ಪಿಸಿ ಅದಕ್ಕೆ ಬದ್ಧರಾಗುತ್ತೇವೆ ಎಂಬ ಉದ್ದೇಶ ಬರಹದಲ್ಲಿ ಸ್ಪಷ್ಟವಾಗಿರಬೇಕು. ಹಾಗೆ ಸ್ಪಷ್ಟವಾಗಿ ಬರೆದರೂ 2015ರ ತಿದ್ದುಪಡಿಯಿಂದ ಸೇರಿದ 12(5)ನೆಯ ಉಪಕಲಮು ಮತ್ತು ಏಳನೆಯ ಅನುಸೂಚಿ ಅಡ್ಡ ಬರುತ್ತವೆ. ಪಕ್ಷವೊಂದರ ಆಡಳಿತ ನಡೆಸುವವರು ಅದರ ವಿವಾದದಲ್ಲಿ ಆರ್ಬಿಟ್ರೇಟರ್ ಆಗಲು ಅನರ್ಹರು. ವಿವಾದ ಹುಟ್ಟಿದ ಅನಂತರ ಉಭಯರೂ ಬರಹದಲ್ಲಿ ಒಪ್ಪಿದರೆ ಮಾತ್ರ ವಿನಾಯಿತಿ. ತಾವು ಕೂರಲಾಗದಿದ್ದರೆ ತಮಗೆ ಬೇಕಾದವರನ್ನು ಕೂರಿಸೋಣ ಎಂಬ ಉಪಾಯಕ್ಕೂ 2019ರ ನವೆಂಬರಿನಲ್ಲಿ ಅದೇ ನ್ಯಾಯಾಲಯ ತಡೆ ಹಾಕಿತು.

ಬಲವಿಲ್ಲದ ಷರತ್ತಿನಿಂದ ಹಾನಿಯೇನು ಎನ್ನುವವರುಂಟು. ಹಾನಿ ಇರುವುದೇ ಅಲ್ಲಿ. ಮಾನಸ್ತಂಭದ ಕೆಲಸ ಮುಗಿಸಿದ ಶಿಲ್ಪಿಗೆ, ಕಲ್ಲು ಒಪ್ಪಂದದಂತಿಲ್ಲವೆಂದು ಹೇಳಿ, ಕೊನೆಯ ಕಂತನ್ನು ತಡೆಹಿಡಿಯಲಾಗಿದೆ ಎಂದಿಟ್ಟುಕೊಳ್ಳಬಹುದು. ಅಧ್ಯಕ್ಷರು ಇಲ್ಲವೆಂದರು, ಕಾಗದದಲ್ಲಿ ಅವರ ಮಾತೇ ಅಂತಿಮವೆಂದಿದೆ ಎಂದು ನಂಬಿದ ಅವನು ಉಳಿಗಳನ್ನು ಕಟ್ಟಿಕೊಂಡು ಊರಿಗೆ ಹೋಗುತ್ತಾನೆ. ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆ ಕೊಡುವುದು ಮೂರು ವರ್ಷ. ಹಗ್ಗವನ್ನೇ ಹಾವೆಂದು ತೋರಿಸಿ ಹೆದರಿಸಿದಂತೆ, ಸತ್ವವಿಲ್ಲದ ಒಂದು ಸಾಲು ಆ ಮೂರು ವರ್ಷಗಳನ್ನು ನುಂಗಿಬಿಡುತ್ತದೆ. ಹಣ ಟ್ರಸ್ಟಿನ ಖಾತೆಯಲ್ಲಿ ಉಳಿಯುತ್ತದೆ. ಒಡೆಯನು ಕೊಡದುದನ್ನು ಪಡೆಯುವುದು ಅದತ್ತಾದಾನವೆಂದು ಎಣಿಸುವ ಪರಂಪರೆಯಲ್ಲಿ, ಆ ಹಣ ಅಭಿಷೇಕಕ್ಕೆ ಸಂದಿತೆಂಬ ಕಾರಣದಿಂದ ಅದರ ಸ್ವರೂಪ ಬದಲಾದೀತೆ? ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಇಲ್ಲದ ಅಧಿಕಾರವನ್ನು ಇದೆಯೆಂದು ಬರೆದು ತೋರಿಸುವ ಪತ್ರಕ್ಕೂ ಅದಕ್ಕೂ ಎಷ್ಟು ದೂರ ಎಂಬುದನ್ನು ಪರ್ಯೂಷಣದಲ್ಲಿ ಪ್ರವಚನ ಏರ್ಪಡಿಸುವ ಟ್ರಸ್ಟುಗಳೇ ಹೇಳಬೇಕು.

ಅಧ್ಯಕ್ಷರು ಸಜ್ಜನರು, ಪಕ್ಷಪಾತ ಮಾಡುವವರಲ್ಲ ಎಂಬುದು ಉತ್ತರವಲ್ಲ. ಮೈತ್ರಿ, ಪ್ರಮೋದ, ಕಾರುಣ್ಯಗಳೊಡನೆ ಎಣಿಸುವ ಮಾಧ್ಯಸ್ಥ್ಯ ಭಾವನೆಗೆ ರಾಗದ್ವೇಷಗಳಿಲ್ಲದ ನಿಲುವು ಬೇಕು. ಟ್ರಸ್ಟಿನ ಹಣಕ್ಕೆ ಹೊಣೆಗಾರರಾದವರು ಟ್ರಸ್ಟಿನ ಹಿತವನ್ನೇ ನೋಡತಕ್ಕದ್ದು; ಅವರಿಂದಲೇ ಮಾಧ್ಯಸ್ಥ್ಯವನ್ನೂ ಬೇಡುವುದು ಅವರಿಗೂ ಮಾಡುವ ಅನ್ಯಾಯ. ವೇದಿಕೆಯ ಮೇಲೆ ಅನೇಕಾಂತವಾದವನ್ನು ಕೊಂಡಾಡಿ, ಕರಾರಿನಲ್ಲಿ ಒಂದೇ ಪಕ್ಷದ ನೋಟವನ್ನು ಅಂತಿಮವಾಗಿಸುವುದು ವಿಚಿತ್ರವೇ ಸರಿ.

ನ್ಯಾಸಪತ್ರಗಳಲ್ಲಿಯೂ ಇಂತಹ ಷರತ್ತು ಸೇರಿಸುವ ರೂಢಿಯಿದೆ. ಖಾಸಗಿ ನ್ಯಾಸವೊಂದರ ಪ್ರಕರಣದಲ್ಲಿ, ಸಹಿ ಮಾಡದ ಫಲಾನುಭವಿಗಳ ನಡುವೆ ಅದು ಆರ್ಬಿಟ್ರೇಷನ್ ಕರಾರಾಗದು, ನ್ಯಾಸ ಕಾಯ್ದೆಗೆ ಸೇರಿದ ವಿವಾದಗಳು ಆರ್ಬಿಟ್ರೇಷನ್ನಿಗೆ ಒಳಪಡುವುದೂ ಇಲ್ಲ ಎಂದು 2016ರಲ್ಲಿ ತೀರ್ಪಾಗಿದೆ.

ಹೊರಗಿನ ಆರ್ಬಿಟ್ರೇಟರರೆಂದರೆ ಖರ್ಚು ಎಂಬ ಆಕ್ಷೇಪ ಮಾತ್ರ ವಿಚಾರಣೀಯ. ಖರ್ಚು ನಿಜ. ಹಾಗಾದರೆ ಸಣ್ಣ ಮೊತ್ತದ ಕರಾರುಗಳಲ್ಲಿ ಷರತ್ತನ್ನೇ ಕೈಬಿಡಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಲೋಕ ಅದಾಲತ್ತಿನಲ್ಲಿ ದಾವೆ ಹೂಡುವ ಮೊದಲೇ ರಾಜಿಯಾಗಲು ಅವಕಾಶವಿದೆ, ಉಭಯರೂ ಒಪ್ಪದೆ ಅಲ್ಲಿ ಯಾವ ಐತೀರ್ಪೂ ಆಗದು. ದೊಡ್ಡ ಕೆಲಸಗಳಲ್ಲಿ ಇಬ್ಬರಿಗೂ ಸಂಬಂಧವಿಲ್ಲದ ಒಬ್ಬರನ್ನು ಇಬ್ಬರೂ ಕೂಡಿ ಆರಿಸುವಂತೆ ಬರೆದು, ಅದನ್ನು ಕನ್ನಡದಲ್ಲಿ ಓದಿ ತಿಳಿಸಿದ ಬಳಿಕ ಸಹಿ ಪಡೆಯಲಿ. ಆಯ್ಕೆಯಲ್ಲಿ ಒಮ್ಮತ ಬಾರದಿದ್ದರೆ 11ನೆಯ ಕಲಮಿನಂತೆ ಉಚ್ಚ ನ್ಯಾಯಾಲಯದ ಮೊರೆಹೋಗಬಹುದು. ಹಳೆಯ ಕರಾರುಗಳ ಮಾತೇನು? ಬಾಕಿ ಹಣ ಕೇಳಿ ಹಿಂದಿರುಗಿದವರ ಹೆಸರುಗಳು ಪ್ರತಿಯೊಂದು ಟ್ರಸ್ಟಿನ ಕಡತದಲ್ಲಿಯೇ ಇರುತ್ತವೆ. ಅವರಲ್ಲಿ ಮೂರು ವರ್ಷ ತುಂಬದವರಿಗೆ, ಅಧ್ಯಕ್ಷರ ತೀರ್ಮಾನ ನಿಮ್ಮನ್ನು ಕಟ್ಟಿಹಾಕುವುದಿಲ್ಲ ಎಂಬ ಒಂದು ಪತ್ರವನ್ನು ಟ್ರಸ್ಟೇ ಅಂಚೆಯಲ್ಲಿ ಕಳುಹಿಸಲಿ.