ರೆಸ್ಲಿಂಗ್ ಸುಳ್ಳು ಎನ್ನುವವರಿಗೆ ನನ್ನ ಉತ್ತರ



ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ಆರನೆಯ ತರಗತಿಯ ಗೆಳೆಯನೊಬ್ಬ ‘ಟೀವಿಯ ಕೆಟ್ಟ ಪರಿಣಾಮಗಳು’ ಎಂಬ ಲೇಖನ ಬರೆದಿದ್ದನ್ನು ನೀವೆಲ್ಲ ಓದಿದ್ದೀರಿ. ಅದರಲ್ಲಿ ಅವನು, ಡಬ್ಲ್ಯುಡಬ್ಲ್ಯುಇ ರೆಸ್ಲಿಂಗ್ ಪೂರಾ ಸುಳ್ಳು, ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರುತ್ತಾರೆ, ಅದನ್ನು ನೋಡುವವರು ದಡ್ಡರು ಎಂದು ಬರೆದಿದ್ದಾನೆ. ಅವನ ಅಕ್ಷರ ಚೆನ್ನಾಗಿತ್ತು. ಆದರೆ ದಡ್ಡರು ಎಂದದ್ದು ನನಗೆ ಬೇಸರವಾಯಿತು. ಏಕೆಂದರೆ ನಮ್ಮ ಶಾಲೆಯಲ್ಲಿ ರೆಸ್ಲಿಂಗ್ ಬಗ್ಗೆ ಎಲ್ಲರಿಗಿಂತ ಹೆಚ್ಚು ಗೊತ್ತಿರುವವನು ನಾನು. ಉತ್ತರ ಬರೆಯಲೇ ಎಂದು ಗುರುಗಳನ್ನು ಕೇಳಿದೆ. “ಉತ್ತರ ಬರಿ, ಜಗಳಾ ಬರೀಬ್ಯಾಡ” ಎಂದರು. ಆದ್ದರಿಂದ ಜಗಳ ಬರೆಯುವುದಿಲ್ಲ.

ಮೊದಲನೆಯದಾಗಿ, ಯಾರು ಗೆಲ್ಲಬೇಕು ಅಂತ ಮೊದಲೇ ಗೊತ್ತು ಮಾಡಿರುತ್ತಾರೆ ಎಂಬುದು ನಿಜ. ಅದನ್ನು ನಾನು ಒಪ್ಪುತ್ತೇನೆ. ಇದು ಈಗ ಗುಟ್ಟೇನೂ ಅಲ್ಲ. 1989ರಲ್ಲೇ ಆ ಕಂಪನಿಯವರು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಶಾಸನ ಸಭೆಯ ಮುಂದೆ, ನಮ್ಮದು ಆಟದ ಸ್ಪರ್ಧೆಯಲ್ಲ, ಮನರಂಜನೆ ಎಂದು ತಾವೇ ಹೇಳಿದ್ದಾರೆ. ನಿಜವಾದ ಕ್ರೀಡೆ ಅಂದರೆ ಸರಕಾರದ ಕ್ರೀಡಾ ಆಯೋಗದ ಕೈಕೆಳಗೆ ಇರಬೇಕು, ತೆರಿಗೆ ಕೊಡಬೇಕು. ಅದನ್ನು ತಪ್ಪಿಸಿಕೊಳ್ಳಲು ನಿಜ ಹೇಳಿದರು. ದುಡ್ಡು ಉಳಿಸಲು ಸುಳ್ಳು ಹೇಳುವವರು ಬಹಳ ಜನ, ದುಡ್ಡು ಉಳಿಸಲು ನಿಜ ಹೇಳಿದವರು ಇವರೇ ಇರಬೇಕು.

ಆದರೆ ನನ್ನ ಗೆಳೆಯನಿಗೆ ಒಂದು ಪ್ರಶ್ನೆ. ನಮ್ಮೂರ ಜಾತ್ರೆಯಲ್ಲಿ ದೊಡ್ಡಾಟ ಆಡುತ್ತಾರೆ. ಕೊನೆಗೆ ಕೀಚಕ ಸಾಯುತ್ತಾನೆ, ಭೀಮ ಗೆಲ್ಲುತ್ತಾನೆ ಅಂತ ಒಂದನೆಯ ತರಗತಿಯ ಮಕ್ಕಳಿಗೂ ಗೊತ್ತು. ಆದರೂ ನೀನು, ನಿಮ್ಮ ಅವ್ವ, ನಿಮ್ಮ ಅಜ್ಜಿ ಚಾಪೆ ಹಾಸಿಕೊಂಡು ಬೆಳಗಿನ ತನಕ ಕುಳಿತಿದ್ದಿರಿ, ನಾನು ನೋಡಿದ್ದೇನೆ. ಅವರೂ ದಡ್ಡರೇ? ಯಾರು ಗೆಲ್ಲುತ್ತಾರೆ ಎಂದು ನೋಡಲು ಹೋಗುವುದು ಬೇರೆ, ಹೇಗೆ ಗೆಲ್ಲುತ್ತಾರೆ ಎಂದು ನೋಡಲು ಹೋಗುವುದು ಬೇರೆ.

ಈ ವಿಷಯದಲ್ಲಿ ನಮ್ಮ ಅಜ್ಜನೂ ಮೊದಲು ನಿನ್ನ ಕಡೆಗೇ ಇದ್ದ. ಅಜ್ಜ ಹರೆಯದಲ್ಲಿ ಪೈಲ್ವಾನ. ಗರಡಿಮನೆಯ ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಸಿನ ಹಾಕಿ ಕಲಸಿ ಅದರಲ್ಲಿ ಕುಸ್ತಿ ಆಡಿದವನು. ಟೀವಿಯಲ್ಲಿ ರೆಸ್ಲಿಂಗ್ ಹಚ್ಚಿದರೆ, “ಇದೇನ್ ಕುಸ್ತಿಲೇ? ಮಣ್ಣಿಲ್ಲ, ಲಂಗೋಟಿಲ್ಲ, ಬರೇ ಬಾಯಿ” ಎಂದು ಬೈಯುತ್ತಿದ್ದ. ನಿಜ ಹೇಳಬೇಕೆಂದರೆ ಅವರು ಮಾತಾಡುವುದು ಬಹಳ. ಅರ್ಧ ತಾಸು ಮೈಕು ಹಿಡಿದು ಬೈದಾಡಿ ಐದು ನಿಮಿಷ ಕುಸ್ತಿ ಆಡುತ್ತಾರೆ. ಅದು ನನಗೂ ಸೇರುವುದಿಲ್ಲ. ಆದರೆ ಒಂದು ದಿನ ನಾನು ಅಜ್ಜನಿಗೆ, ನೀವು ಆಡಿದ ಕುಸ್ತಿ ಎಲ್ಲಾ ನಿಜಾನೇ ಇತ್ತೇನು ಅಂತ ಕೇಳಿಬಿಟ್ಟೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನೆ ಎಲೆಗೆ ಸುಣ್ಣ ಹಚ್ಚುತ್ತ ಕುಳಿತ. ಆಮೇಲೆ ಹೇಳಿದ:

“ಒಮ್ಮೆ ಸುಳ್ಳ ಆಡೇನಿ. ಆ ಊರಾಗ ಅವರ ಪೈಲ್ವಾನ ಸೋತ್ರ ಜಾತ್ರಿ ಕೆಡತಿತ್ತು. ಹಿರೇರು ಬಂದು ಜೋಡಿ ಸಮಾ ಮಾಡ್ರಿ ಅಂದ್ರು. ಮಾಡಿದ್ವಿ. ಆದ್ರ ಅರ್ಧಾ ತಾಸು ಹಿಡದಾಡಿದ್ದು ಸುಳ್ಳಲ್ಲಲೇ. ಈ ಕಿವಿ ಹಿಂಗಾಗಿದ್ದು ಅವತ್ತ.”

ಅಜ್ಜನ ಎಡಗಿವಿ ಮಡಚಿದ ಹಾಗೆ ಗಂಟಾಗಿದೆ. ಅದು ಹೇಗಾಯಿತೆಂದು ಅಲ್ಲಿಯವರೆಗೆ ನಮಗೆ ಯಾರಿಗೂ ಹೇಳಿರಲಿಲ್ಲ.

ನಾನು ಹೇಳಬೇಕೆಂದಿರುವುದು ಇದನ್ನೇ. ಗೆಲ್ಲುವುದು ಸುಳ್ಳಿರಬಹುದು, ಬೀಳುವುದು ಸುಳ್ಳಲ್ಲ. ಕೆಲವರು ರಿಂಗಿನಲ್ಲಿ ಹಾಸಿಗೆ ಇರುತ್ತದೆ ಅಂತ ತಿಳಿದಿದ್ದಾರೆ. ಹಾಗೇನಿಲ್ಲ. ಕೆಳಗೆ ಕಬ್ಬಿಣದ ತೊಲೆ, ಅದರ ಮೇಲೆ ಕಟ್ಟಿಗೆಯ ಹಲಗೆ, ಅದರ ಮೇಲೆ ತೆಳ್ಳಗಿನ ಫೋಮು, ಮೇಲೆ ಕ್ಯಾನ್ವಾಸು ಬಟ್ಟೆ. ಅಷ್ಟೆ. ಅದರ ಮೇಲೆ ದಿನಕ್ಕೆ ಎಷ್ಟೋ ಸಲ ಬೆನ್ನು ಹಾಕಿ ಬೀಳಬೇಕು.

1998ರ ಜೂನ್ 28ರಂದು ಪಿಟ್ಸ್‌ಬರ್ಗ್ ಎಂಬ ಊರಿನಲ್ಲಿ ಅಂಡರ್‌ಟೇಕರ್‌ಗೂ ಮ್ಯಾನ್‌ಕೈಂಡ್‌ಗೂ ಕಬ್ಬಿಣದ ಜಾಳಿಗೆಯ ಪಂಜರದ ಕುಸ್ತಿ ನಡೆಯಿತು. ಮ್ಯಾನ್‌ಕೈಂಡ್‌ನ ನಿಜವಾದ ಹೆಸರು ಮಿಕ್ ಫೋಲಿ. ಅವರಿಬ್ಬರೂ ಪಂಜರದ ನೆತ್ತಿಯ ಮೇಲೆ ಹತ್ತಿದರು. ಅಲ್ಲಿಂದ ಅಂಡರ್‌ಟೇಕರ್ ಅವನನ್ನು ಕೆಳಗೆ ಎಸೆದ. ಸುಮಾರು 16 ಅಡಿ. ನಮ್ಮ ಶಾಲೆಯ ಮಾಳಿಗೆಗಿಂತ ಎತ್ತರ. ಕೆಳಗೆ ಮಾತಾಡುವವರ ಮೇಜಿನ ಮೇಲೆ ಬಿದ್ದ, ಮೇಜು ಮುರಿಯಿತು. ಅದು ಮೊದಲೇ ಮಾತಾಡಿಕೊಂಡದ್ದು. ಸ್ಟ್ರೆಚರ್ ತಂದರು. ಆದರೆ ಅವನು ಎದ್ದು ಮತ್ತೆ ಹತ್ತಿದ! ಎರಡನೆಯ ಸಲ ಪಂಜರದ ಛಾವಣಿ ಕಿತ್ತುಹೋಗಿ ಒಳಗಿನ ರಿಂಗಿಗೆ ಬಿದ್ದ. ಅದು ಮಾತಾಡಿಕೊಂಡದ್ದಲ್ಲ. ಹಲ್ಲು ಮುರಿದು ಮೂಗಿಗೆ ಹೋಗಿತ್ತು. ಆದರೂ ಕುಸ್ತಿ ಮುಗಿಸಿದ. ಸೋತ. ಈಗ ಆ ಕುಸ್ತಿಯ ಬಗ್ಗೆ ಮಾತು ಬಂದರೆ ಎಲ್ಲರೂ ಮೊದಲು ಹೇಳುವುದು ಸೋತವನ ಹೆಸರನ್ನೇ.

ನಾನು ಇದನ್ನು ನೋಡಿದ್ದು ಹುಬ್ಬಳ್ಳಿಯಲ್ಲಿ ಓದುವ ನಮ್ಮ ಕಾಕಾನ ಮಗ ಅಣ್ಣನ ಮೊಬೈಲಿನಲ್ಲಿ. ಅಣ್ಣನ ಹತ್ತಿರ ಹಳೆಯ ಟ್ರಂಪ್ ಕಾರ್ಡುಗಳೂ ಇದ್ದವು, ಈಗ ನನಗೆ ಕೊಟ್ಟಿದ್ದಾನೆ. ಅವುಗಳಲ್ಲಿ ಎತ್ತರ, ತೂಕ, ಎದೆಯ ಸುತ್ತಳತೆ, ತೋಳಿನ ಸುತ್ತಳತೆ ಎಲ್ಲಾ ಬರೆದಿರುತ್ತದೆ. ಎಷ್ಟು ಸಲ ಬಿದ್ದ ಎಂಬ ಸಾಲು ಮಾತ್ರ ಇಲ್ಲ. ಇದ್ದಿದ್ದರೆ ಮಿಕ್ ಫೋಲಿಯ ಕಾರ್ಡು ಸಿಕ್ಕವನನ್ನು ಯಾರೂ ಸೋಲಿಸುತ್ತಿರಲಿಲ್ಲ.

ನಮ್ಮ ದೇಶದ ಗ್ರೇಟ್ ಖಲಿಯ ಕಾರ್ಡು ಎತ್ತರದಲ್ಲಿ ಗೆಲ್ಲುತ್ತದೆ. ಹಿಮಾಚಲ ಪ್ರದೇಶದ ಹಳ್ಳಿಯಲ್ಲಿ ಹುಟ್ಟಿ, ಪಂಜಾಬಿನ ಪೊಲೀಸ್ ಇಲಾಖೆಯಲ್ಲಿದ್ದು, 2007ರಲ್ಲಿ ವರ್ಲ್ಡ್ ಹೆವಿವೇಟ್ ಚಾಂಪಿಯನ್ ಆದವನು. ನನಗೆ ಅಭಿಮಾನವಿದೆ. ಆದರೂ ಅವನ ಕುಸ್ತಿ ಚೆನ್ನಾಗಿರಲಿಲ್ಲ ಅಂತ ಹೇಳಲೇಬೇಕು. ನಿಂತಲ್ಲೇ ನಿಂತು ತಲೆಯ ಮೇಲೆ ಹೊಡೆಯುತ್ತಿದ್ದ. ಅವನಿಗೆ ಮೈಯಲ್ಲಿ ತೊಂದರೆ ಇತ್ತು, 2012ರಲ್ಲಿ ಮೆದುಳಿನ ಆಪರೇಶನ್ ಆಯಿತು, ಆದ್ದರಿಂದ ಬೈಯುವುದಿಲ್ಲ.

ಇನ್ನೊಂದು ವಿಷಯ ಬರೆಯಲು ಕಷ್ಟವಾಗುತ್ತದೆ. 1999ರ ಮೇ 23ರಂದು ಕ್ಯಾನ್ಸಸ್ ಸಿಟಿಯಲ್ಲಿ ಓವೆನ್ ಹಾರ್ಟ್ ಎಂಬ ಕುಸ್ತಿಪಟುವನ್ನು ಛಾವಣಿಯಿಂದ ಹಗ್ಗದಲ್ಲಿ ಇಳಿಸುವಾಗ ಕೊಂಡಿ ಬಿಚ್ಚಿಕೊಂಡು ರಿಂಗಿಗೆ ಬಿದ್ದು ತೀರಿಕೊಂಡ. ಅವನಿಗೆ 34 ವರ್ಷ. ಅವನನ್ನು ಆಸ್ಪತ್ರೆಗೆ ಒಯ್ದ ಮೇಲೆ ಆಟ ಮುಂದುವರಿಸಿದರು. ಉಳಿದ ಕುಸ್ತಿ ಎಲ್ಲಾ ಆಡಿಸಿದರು. ಇದು ದೊಡ್ಡ ತಪ್ಪು ಎಂದು ನನ್ನ ಅಭಿಪ್ರಾಯ. ನಮ್ಮೂರಲ್ಲಿ ಯಾರಾದರೂ ತೀರಿಕೊಂಡರೆ ದೇವರ ಪಲ್ಲಕ್ಕಿಯೂ ಮುಂದೆ ಹೋಗುವುದಿಲ್ಲ. ರೆಸ್ಲಿಂಗ್ ಸುಳ್ಳು ಸುಳ್ಳು ಎಂದು ಎಲ್ಲರೂ ಅನ್ನುವುದರಿಂದ ಆಗುವ ಕೆಟ್ಟದ್ದು ಇದೇ. ಅವರ ನೋವೂ ಸುಳ್ಳು ಎಂದು ಜನ ತಿಳಿಯುತ್ತಾರೆ. ಅವರು ಆ ಕಂಪನಿಯ ನೌಕರರೂ ಅಲ್ಲವಂತೆ, ಗುತ್ತಿಗೆಯವರು. ನಮ್ಮ ಅತಿಥಿ ಶಿಕ್ಷಕರ ಹಾಗೆ.

ಈಗ ನನ್ನ ತಪ್ಪನ್ನೂ ಹೇಳುತ್ತೇನೆ. ಹೇಳದಿದ್ದರೆ ಆರನೆಯ ತರಗತಿಯವರು ಮುಂದಿನ ತಿಂಗಳು ಬರೆದೇ ಬರೆಯುತ್ತಾರೆ, ಏಕೆಂದರೆ ಎಲ್ಲರಿಗೂ ಗೊತ್ತಿದೆ. 2025ರ ಸಂಕ್ರಾಂತಿ ರಜೆಯಲ್ಲಿ ನಾನು ನನ್ನ ತಮ್ಮನಿಗೆ ಚೋಕ್‌ಸ್ಲಾಮ್ ಹಾಕಿದೆ. ಅಂದರೆ ಕುತ್ತಿಗೆ ಹಿಡಿದು ಎತ್ತಿ ಕೆಡವುವುದು. ಕಣದಲ್ಲಿ ಹೊಟ್ಟಿನ ರಾಶಿ ಇತ್ತು, ಅದರ ಮೇಲೆಯೇ ಕೆಡವಿದೆ. ಅವನೇ ಹಾಕು ಹಾಕು ಅಂದಿದ್ದ. ಆದರೆ ಬೀಳುವಾಗ ಹೆದರಿ ಕೈ ಊರಿದ. ಕೈ ರಾಶಿಯ ಆಚೆ ಕಲ್ಲಿನ ಮೇಲೆ ಹೋಯಿತು. ಮೊಣಕೈ ಕೆಳಗೆ ಎಲುಬು ಮುರಿಯಿತು. ಅವನು ಅಳಲೇ ಇಲ್ಲ, ನನ್ನ ಮುಖ ನೋಡುತ್ತಿದ್ದ. ಅದೂ ಆಟದ್ದೇ ಅಂತ ನಾನು ಸ್ವಲ್ಪ ಹೊತ್ತು ನಗುತ್ತಲೇ ಇದ್ದೆ. ಕೈ ಸೊಟ್ಟಾದದ್ದು ಕಂಡ ಮೇಲೆ ಅವ್ವನನ್ನು ಕೂಗಿದೆ.

ತಾಲೂಕಿನ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿದರು. ಅಪ್ಪ ಹೊಡೆಯಲಿಲ್ಲ. ಪರೀಕ್ಷೆ ಮುಗಿಯುವ ತನಕ ಟೀವಿ ಹಚ್ಚುವ ಹಾಗಿಲ್ಲ ಎಂದ. ನಾನು ಹಚ್ಚಲೂ ಇಲ್ಲ. ಅಜ್ಜ ಮಾತ್ರ ಬೈದ, ಅದೂ ಬೇರೆ ಕಾರಣಕ್ಕೆ. “ಒಗಿಯೂದ ಒಂದ ನೋಡಿದೇನ್ಲೇ? ಅಂವಾ ಹೆಂಗ ಬೀಳತಾನ ನೋಡಲಿಲ್ಲೇನು? ನಮ್ಮ ವಸ್ತಾದ್ರು ಒಂದ ತಿಂಗಳ ಬರೇ ಬೀಳೂದ ಕಲಿಸಿದ್ರು” ಎಂದ. ಅವನು ಹೇಳಿದ ಮೇಲೆ ನಾನು ಅಣ್ಣನ ಮೊಬೈಲಿನಲ್ಲಿ ಬೀಳುವವರನ್ನೇ ನೋಡತೊಡಗಿದೆ. ಗದ್ದ ಎದೆಗೆ ಒತ್ತಿರುತ್ತಾರೆ, ತಲೆ ನೆಲಕ್ಕೆ ಬಡಿಯಬಾರದು. ಬೆನ್ನು ಪೂರ್ತಿ ಒಂದೇ ಸಲ ತಾಗಬೇಕು. ಎರಡೂ ಕೈಯಿಂದ ನೆಲಕ್ಕೆ ಚಪ್ಪಾಳೆ ಹೊಡೆದ ಹಾಗೆ ಬಡಿಯುತ್ತಾರೆ. ಕೈ ಊರುವುದೇ ಇಲ್ಲ. ಎಸೆಯುವವನೂ ಅವನ ಬೆನ್ನಿಗೆ ಕೈ ಕೊಟ್ಟಿರುತ್ತಾನೆ. ನಾನು ಕೊಟ್ಟಿರಲಿಲ್ಲ.

ಪರೀಕ್ಷೆ ಮುಗಿಸಿ ಬಂದು ಟೀವಿ ಹಚ್ಚಿದರೆ ರೆಸ್ಲಿಂಗೇ ಇಲ್ಲ! ಅಪ್ಪ ಚಾನೆಲ್ ತೆಗೆಸಿದ್ದಾನೆ ಎಂದು ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಆಮೇಲೆ ಅಣ್ಣ ಹೇಳಿದ. ಸೋನಿ ಚಾನೆಲ್‌ನಲ್ಲಿ ಬರುತ್ತಿದ್ದದ್ದು 2025ರ ಮಾರ್ಚ್‌ಗೆ ಮುಗಿಯಿತು, ಏಪ್ರಿಲ್ 1ರಿಂದ ನೆಟ್‌ಫ್ಲಿಕ್ಸ್‌ಗೆ ಹೋಯಿತು. ನಾನು ಏಪ್ರಿಲ್ ಫೂಲ್ ಅಂದುಕೊಂಡೆ. ಅಮೆರಿಕದಲ್ಲಿ ಸೋಮವಾರದ ‘ರಾ’ ಕಾರ್ಯಕ್ರಮ ಜನವರಿ 6ಕ್ಕೇ ಹೋಗಿತ್ತಂತೆ. ಹತ್ತು ವರ್ಷಕ್ಕೆ 500 ಕೋಟಿ ಡಾಲರಿಗಿಂತ ಹೆಚ್ಚಿನ ವ್ಯವಹಾರ. ಅಷ್ಟು ಕೊಟ್ಟವರು ನೋಡುವವರ ಹತ್ತಿರ ತೆಗೆದುಕೊಳ್ಳಲೇಬೇಕು. ಮೊಬೈಲಿಗೆ ಮಾತ್ರ ಎಂದರೂ ಆಗ ತಿಂಗಳಿಗೆ 149 ರೂಪಾಯಿ. ಮೊದಲು ಡಿಶ್ ಇದ್ದ ಮನೆಯಲ್ಲಿ ಹತ್ತು ಮಂದಿ ಕುಳಿತು ನೋಡುತ್ತಿದ್ದೆವು. ಬಾಗಿಲಲ್ಲಿ ನಿಂತು ನೋಡುವವರೂ ಇದ್ದರು. ಬೈಯುತ್ತ ಬೈಯುತ್ತ ಅಜ್ಜನೂ ನೋಡುತ್ತಿದ್ದ. ಮೊಬೈಲಿನಲ್ಲಿ ಹತ್ತು ಮಂದಿ ನೋಡಲಾಗುವುದಿಲ್ಲ, ಅಜ್ಜನಿಗೆ ಅಷ್ಟು ಸಣ್ಣದು ಕಾಣುವುದೂ ಇಲ್ಲ. ಇದನ್ನು ನಾನು ವಿರೋಧಿಸುತ್ತೇನೆ.

ಹೀಗಾಗಿ ಜಾನ್ ಸೀನಾನ ಕೊನೆಯ ವರ್ಷವನ್ನು ನಾನು ತುಣುಕು ತುಣುಕಾಗಿ ನೋಡಿದೆ. ಏಪ್ರಿಲ್ 20ರಂದು ರೆಸಲ್‌ಮೇನಿಯಾದಲ್ಲಿ ಗೆದ್ದು 17ನೆಯ ಸಲ ಚಾಂಪಿಯನ್ ಆದ, ರಿಕ್ ಫ್ಲೇರ್‌ನ 16ರ ದಾಖಲೆ ಮುರಿದ. ಅದು ನನಗೆ ಅಷ್ಟು ಹಿಡಿಸಲಿಲ್ಲ, ಮೋಸದಿಂದ ಗೆದ್ದ. ನನಗೆ ಹಿಡಿಸಿದ್ದು ಡಿಸೆಂಬರ್ 13ರ ಕುಸ್ತಿ. ವಾಷಿಂಗ್ಟನ್‌ನಲ್ಲಿ ಆಸ್ಟ್ರಿಯಾ ದೇಶದ ಗುಂಥರ್ ಜೊತೆ. ಗುಂಥರ್ ಹಿಂದಿನಿಂದ ಕುತ್ತಿಗೆಗೆ ತೋಳು ಹಾಕಿ ಹಿಡಿದ. ಸೀನಾ ಬಿಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಕೊನೆಗೆ ಸ್ವಲ್ಪ ನಕ್ಕು ಕೈ ಬಡಿದು ಸೋಲೊಪ್ಪಿದ. ಬಿಟ್ಟುಕೊಡಬೇಡ ಎಂದು ಅಂಗಿಯ ಮೇಲೆ ಬರೆಸಿಕೊಂಡವನು!

ಜನ ಕೂಗಾಡಿದರು. ಕುಸ್ತಿ ಗೊತ್ತುಮಾಡುವ ಟ್ರಿಪಲ್ ಎಚ್ ಬಂದಾಗ ಛೀ ಎಂದರು. ನಮ್ಮ ತರಗತಿಯಲ್ಲೂ ಇಬ್ಬರು, ಇದು ಮೋಸ, ಸೀನಾ ಗೆದ್ದು ಹೋಗಬೇಕಿತ್ತು ಎಂದರು. ನಾನು ಒಪ್ಪುವುದಿಲ್ಲ. ಸೀನಾ ಮನೆಗೆ ಹೋಗುವವನು. ಗೆದ್ದು ಅದನ್ನು ಎಲ್ಲಿ ಇಟ್ಟುಕೊಳ್ಳುತ್ತಾನೆ? ಗುಂಥರ್ ಇನ್ನೂ ಆಡಬೇಕು. ಸೀನಾನನ್ನೇ ಸೋಲಿಸಿದವನು ಅಂತ ಅವನ ಹೆಸರಿಗೆ ಬೆಲೆ ಬಂತು. 2002ರಲ್ಲಿ ಸೀನಾ ಟೀವಿಯಲ್ಲಿ ಮೊದಲ ಸಲ ಕರ್ಟ್ ಆ್ಯಂಗಲ್ ಜೊತೆ ಆಡಿದಾಗಲೂ ಸೋತಿದ್ದ. ಅಂಡರ್‌ಟೇಕರ್ ರೆಸಲ್‌ಮೇನಿಯಾದಲ್ಲಿ 21 ಸಲ ಸೋಲದೇ ಇದ್ದು 2014ರಲ್ಲಿ ಬ್ರಾಕ್ ಲೆಸ್ನರ್‌ಗೆ ಸೋತದ್ದೂ ಹೀಗೆಯೇ. ಸೋಲು ಮೊದಲೇ ಗೊತ್ತು ಮಾಡಿದ್ದು. ಆದರೆ ಆ ಕುಸ್ತಿಯಲ್ಲಿ ತಲೆಗೆ ಪೆಟ್ಟಾಗಿ, ಆ ದಿನದ್ದು ಅವನಿಗೆ ನೆನಪೇ ಇಲ್ಲವಂತೆ.

ಅಜ್ಜನಿಗೆ ಸೀನಾನ ತುಣುಕನ್ನು ಮೊಬೈಲು ಕಣ್ಣಿನ ಹತ್ತಿರ ಹಿಡಿದು ತೋರಿಸಿದೆ. ಎರಡು ಸಲ ನೋಡಿದ. “ಚೊಲೊ ಸೋತಾನ” ಎಂದ. ಬೇರೆ ಏನೂ ಹೇಳಲಿಲ್ಲ.

ಈಗ ಅಜ್ಜ ಭಾನುವಾರ ಹಳ್ಳದ ಉಸುಕಿನಲ್ಲಿ ನನಗೂ ತಮ್ಮನಿಗೂ ಬೀಳುವುದನ್ನು ಕಲಿಸುತ್ತಿದ್ದಾನೆ. ಎಸೆಯುವುದನ್ನು ಇನ್ನೂ ಕಲಿಸಿಲ್ಲ, ಯಾವಾಗ ಕಲಿಸುತ್ತೀ ಅಂತ ಕೇಳಿದರೆ ಸಿಟ್ಟಾಗುತ್ತಾನೆ. ಲೇಖನ ಬರೆದ ಆರನೆಯ ತರಗತಿಯ ಗೆಳೆಯನೂ ಬರಬಹುದು, ಹಳೆಯ ಅಂಗಿ ಹಾಕಿಕೊಂಡು ಬರಬೇಕು. ತಮ್ಮನ ಕೈ ನೆಟ್ಟಗಾಗಿದೆ. ಆದರೆ ಮಳೆ ಬಂದ ದಿನ ನೋಯುತ್ತದೆ ಎನ್ನುತ್ತಾನೆ. ಅದು ನಿಜವೋ, ಶಾಲೆ ತಪ್ಪಿಸಲು ಸುಳ್ಳೋ ನನಗೆ ತಿಳಿಯುವುದಿಲ್ಲ. ಆ ದಿನ ಅವನ ಪಾಟಿಚೀಲ ನಾನೇ ಹೊರುತ್ತೇನೆ.

– ಏಳನೆಯ ತರಗತಿಯ ವಿದ್ಯಾರ್ಥಿ