ಮೊದಲು ಜುಮ್ಮೆಂದದ್ದು ಯಾವ ಬೆರಳು?

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಹುಡುಗನೊಬ್ಬ ಮೂರ್ಛೆ ಬಂದು ಬಿದ್ದನೆನ್ನಿ. ಒಬ್ಬರು ಅವನ ಕೈಗೆ ಕೀಲಿ ಗೊಂಚಲು ತುರುಕುತ್ತಾರೆ, ಇನ್ನೊಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿಯುತ್ತಾರೆ. ಎರಡರಿಂದಲೂ ಏನೂ ಆಗದು. ಮೂರ್ಛೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಆದರೆ ಬೀಳುವ ಮುನ್ನ ಏನನ್ನಿಸಿತು ಎಂದು ಅವನನ್ನು ಕೇಳುವವರು ಕಡಿಮೆ. ‘ಹೆಬ್ಬಟ್ಟಿಗೆ ಇರುವಿ ಹರದಾಡಿದಂಗಾತು, ಆಮ್ಯಾಲ ತುಟಿ ಜುಂ ಅಂತು’ ಎಂದು ಅವನು ಹೇಳಿದರೆ ವೈದ್ಯರಿಗೆ ಅದು ದೊಡ್ಡ ಸುಳಿವು.

ಹೆಬ್ಬೆರಳಿನಿಂದ ತುಟಿಗೆ ಹಾರಿದ್ದು ಹೇಗೆ? ದೇಹದಲ್ಲಿ ಇವೆರಡೂ ದೂರ, ಮಿದುಳಿನಲ್ಲಿ ನೆರೆಹೊರೆ! ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಒಂದು ಮಡಿಕೆಗೆ ಸ್ಪರ್ಶದ ಸುದ್ದಿ ಬಂದು ಸೇರುತ್ತದೆ. ಬಲಗೈಯದು ಎಡಮಿದುಳಿಗೆ, ಎಡಗೈಯದು ಬಲಮಿದುಳಿಗೆ. ಮೇಲುತುದಿಯಲ್ಲಿ ಕಾಲು, ಅನಂತರ ಮುಂಡ, ತೋಳು, ಬೆರಳುಗಳು, ಹೆಬ್ಬೆರಳು, ಮುಖ, ನಾಲಿಗೆ. ಬೆನ್ನಿಗೆ ಚೂರೇ ಚೂರು ಜಾಗ. ತುಟಿ, ಬೆರಳುಗಳಿಗೆ ಸಿಂಹಪಾಲು. ಸ್ಟೇಷನ್ನಿನಿಂದ ಊರೊಳಗೆ ನಡೆದವರಿಗೆ ಗೋಳಗುಮ್ಮಟ ಸಿಕ್ಕೇ ಸಿಗುವಂತೆ, ಮೂರ್ಛೆಯ ವಿದ್ಯುತ್ತೂ ಈ ಸಾಲು ಹಿಡಿದೇ ಸಾಗುತ್ತದೆ. ಮೂರ್ಛೆ ದೇಹದಲ್ಲಿ ಹಬ್ಬುವ ಕ್ರಮ ನೋಡಿಯೇ ಮಿದುಳಿನಲ್ಲಿ ಇಂಥ ಸಾಲು ಇರಬೇಕೆಂದು ಇಂಗ್ಲೆಂಡಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ 19ನೇ ಶತಮಾನದಲ್ಲೇ ತರ್ಕಿಸಿದ್ದರು. ಆಗ ಸ್ಕ್ಯಾನಿಂಗೂ ಇರಲಿಲ್ಲ, ಇಇಜಿಯೂ ಇರಲಿಲ್ಲ.

ಮೂರ್ಛೆರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಏಳು ಜನರಿಗೆ ಮಾತ್ರೆಯೇ ಸಾಕು. ಉಳಿದವರಲ್ಲಿ ಕೆಲವರಿಗೆ, ಮೂರ್ಛೆ ಹುಟ್ಟುವ ಜಾಗವನ್ನೇ ಕತ್ತರಿಸಿ ತೆಗೆಯಬಹುದು. ಪಕ್ಕದಲ್ಲೇ ಬೆರಳಿನ ಜಾಗವಿದ್ದರೆ? ಅದು ಹೋದರೆ ಕೈ ಅಲುಗಾಡೀತು, ಆದರೆ ಕಿಸೆಗೆ ಕೈಹಾಕಿದಾಗ ನಾಣ್ಯ ಯಾವುದು, ಕೀಲಿ ಯಾವುದು ಎಂದು ನೋಡದೆ ತಿಳಿಯದು. ಅಂಗಿಯ ಗುಂಡಿ ಹಾಕುವುದೂ ಕಷ್ಟ.

ಅದಕ್ಕೇ ನಕ್ಷೆ ಬೇಕು. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ತಲೆಯ ಚರ್ಮಕ್ಕೆ ಮಾತ್ರ ಮರಗಟ್ಟಿಸುವ ಮದ್ದು ಕೊಟ್ಟು, ರೋಗಿ ಎಚ್ಚರವಿರುವಾಗಲೇ ಮಿದುಳಿಗೆ ಸಣ್ಣ ವಿದ್ಯುತ್ ಮುಟ್ಟಿಸುತ್ತಿದ್ದರು. ಮಿದುಳಿಗೆ ಸ್ವತಃ ನೋವೇ ತಿಳಿಯದು! ಎಲ್ಲಿ ಜುಮ್ಮೆಂದಿತೆಂದು ರೋಗಿ ಹೇಳಿದಲ್ಲೆಲ್ಲ ಅಂಕಿ ಬರೆದ ಪುಟ್ಟ ಚೀಟಿ ಇಡುತ್ತಿದ್ದರು. ಎಡ್ವಿನ್ ಬೋಲ್ಡ್ರಿ ಜೊತೆ ಅವರು 1937ರಲ್ಲಿ ಪ್ರಕಟಿಸಿದ ಚಿತ್ರವೇ ಇಂದಿಗೂ ಪಠ್ಯಪುಸ್ತಕಗಳ ಮೂಲ.

ಪುಸ್ತಕದ ಚಿತ್ರ ನೋಡಿ ಕತ್ತರಿ ಹಾಕುವಂತಿಲ್ಲ. ಒಬ್ಬರ ನಕ್ಷೆ ಇನ್ನೊಬ್ಬರಂತಿರದು. ಗಡ್ಡೆಯಿದ್ದರೆ ಅದು ಪಕ್ಕದ ಜಾಗಗಳನ್ನು ತಳ್ಳಿರುತ್ತದೆ. ಈಗ ತಲೆ ತೆರೆಯುವ ಮೊದಲೇ, ಅಂಗೈಗೆ ಬ್ರಷ್ ಸವರುತ್ತ ಎಂಆರ್‌ಐ ತೆಗೆದು ಬೆರಳಿನ ಜಾಗ ಹುಡುಕಬಹುದು. ಮಿದುಳಿನ ಅತಿ ಕ್ಷೀಣ ಕಾಂತಕ್ಷೇತ್ರ ಅಳೆಯುವ ಎಂಇಜಿ ಯಂತ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಎಚ್ಚರವಿದ್ದು ಅಲ್ಲಾಡದೆ ಮಲಗಲಾರದ ಮಕ್ಕಳಿಗಾದರೆ, ಲೋಹದ ಬಿಂದುಗಳಿರುವ ತೆಳು ಹಾಳೆಯನ್ನು ಮಿದುಳಿನ ಮೇಲೆ ಕೆಲವು ದಿನ ಇಟ್ಟು, ವಾರ್ಡಿನಲ್ಲಿ ತಾಯಿ ಪಕ್ಕದಲ್ಲಿರುವಾಗಲೇ ಒಂದೊಂದಾಗಿ ಪರೀಕ್ಷಿಸುವುದುಂಟು.

ಇಷ್ಟೆಲ್ಲ ಆದ ಮೇಲೂ, ಮೂರ್ಛೆ ಹುಟ್ಟುವ ಜಾಗವೂ ಬೆರಳಿನ ಜಾಗವೂ ಒಂದೇ ಎಂದು ನಕ್ಷೆ ಹೇಳಬಹುದು. ಆಗ ವೈದ್ಯರು ಅದನ್ನು ಮುಟ್ಟದೆ ಬಿಡಬಹುದು. ಇಲ್ಲವೇ ತಂದೆತಾಯಿಯನ್ನು, ಮಾತು ತಿಳಿಯುವ ವಯಸ್ಸಾಗಿದ್ದರೆ ಮಗುವನ್ನೂ ಕೂಡಿಸಿಕೊಂಡು ಕೇಳುತ್ತಾರೆ: ಮೂರ್ಛೆ ಉಳಿಯಲೋ, ಬೆರಳಿನ ಸ್ಪರ್ಶ ಹೋಗಲೋ?